ಹಿಟ್ಟು ಮಾಡಬಾರದು ಎಂಬ ಬೋರ್ಡು

ತಂಗಿಯ ಮಗಳು ಶೋಭಾ ಬಿಡದಿಯ ಹತ್ತಿರ ಒಂದು ಹಳೆಯ ಮನೆ ಕೊಂಡಿದ್ದಾಳೆ. ಒಡೆದು, ಸರಿಮಾಡಿ, ಬಾಡಿಗೆಗೆ ಕೊಡುತ್ತಾಳಂತೆ. ಮೊನ್ನೆ ಬಂದವಳು ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಪ್ಲಾನ್ ತೋರಿಸಿ, "ದೊಡ್ಡಮ್ಮ, ಇಷ್ಟು ವರ್ಷ ಮಾಡಿದ್ದೀರಲ್ಲ, ರಿನೊವೇಶನ್‌ನಲ್ಲಿ ಮೇನ್ ಚಾಲೆಂಜ್ ಏನು?" ಎಂದು ಕೇಳಿದಳು. ಪೈಪು, ವೈರು, ಲೀಕೇಜು ಎಂದೇನೋ ಹೇಳುತ್ತೇನೆಂದು ಪೆನ್ನು ಹಿಡಿದು ಕೂತಿದ್ದಳು.

"ಕನ್ನಡ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಹಾಗಾಗಿ ಬರೆದೇ ಬಿಡೋಣವೆಂದು ಕೂತಿದ್ದೇನೆ. ಅವಳಂತೆ ಈ ಕಸುಬಿಗೆ ಇಳಿಯುವ ಬೇರೆ ಹುಡುಗ ಹುಡುಗಿಯರಿಗೂ ಉಪಯೋಗವಾದೀತು. ಹೌದು, ಇದು ಕಸುಬೇ. ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರೆ ಕಾಲ ಮೇಲೆ ಕಾಲು ಹಾಕಿ ಕೂರಬಹುದು ಎನ್ನುವವರಿದ್ದಾರೆ. ನನ್ನ ಕಾಲುಗಳಿಗಂತೂ ಆ ಭಾಗ್ಯ ಸಿಕ್ಕಿದ್ದು ಈಗ, ಮೊಣಕಾಲು ಎರಡೂ ಸ್ಟ್ರೈಕ್ ಮಾಡಿದ ಮೇಲೆ.

ನಮ್ಮ ಹಿರಿಯರು ಚನ್ನಪಟ್ಟಣದವರೇ. ಆದರೆ ನಾನು ಬೆಳೆದದ್ದು ಬೆಂಗಳೂರಿನ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ, ಸಂಸಾರ ಮಾಡಿದ್ದು ಪುಣೆಯಲ್ಲಿ. ಪತಿ ತೀರಿಕೊಂಡ ಮೇಲೆ ಈ ಕಡೆ ಬಂದೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಬಿಡದಿಯ ಬಯಲಿನಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದವು. ಬೆಳಗಾದರೆ ಹೈವೇ ತುಂಬ ಕಂಪನಿ ಬಸ್ಸುಗಳು. ಕುದೂರಿನಿಂದ, ವಿರೂಪಾಕ್ಷಿಪುರದಿಂದ, ಕನಕಪುರದ ಆ ತುದಿಯ ಉಯ್ಯಂಬಳ್ಳಿಯಿಂದ ಹುಡುಗರು ಯೂನಿಫಾರ್ಮ್ ತೊಟ್ಟು ಬಂದಿಳಿಯುತ್ತಿದ್ದರು. ಅವರಿಗೆ ಮಲಗಲು ಜಾಗ ಬೇಕಿತ್ತು. ನನಗೆ ಬದುಕಲು ಒಂದು ನೆವ ಬೇಕಿತ್ತು. ರಾಮನಗರದಲ್ಲಿ ಬಾಷಾ ಸಾಹೇಬರು ತಮ್ಮ ರೇಷ್ಮೆ ನೂಲು ತೆಗೆಯುವ ಮನೆಯನ್ನು ಮಾರುತ್ತಾರೆಂದು ಕೇಳಿ, ಬ್ಯಾಂಕಿನಲ್ಲಿ ಸಾಲ ಮಾಡಿ ಕೊಂಡೆ. ಅದನ್ನು ಐದು ಚಿಕ್ಕ ಮನೆಗಳ ಸಾಲಾಗಿ ಮಾಡುವುದು ನನ್ನ ಪ್ಲಾನು.

ಬ್ಯಾಂಕ್ ಮ್ಯಾನೇಜರ್ ಮಳವಳ್ಳಿ ಕಡೆಯವರು, ತುಂಬ ಗಂಭೀರ ಮನುಷ್ಯ. "ಮೇಡಂ, ವರ್ಷದೊಳಗೆ ಐದೂ ಮನೆ ತುಂಬಿ ಕಂತು ಬರಬೇಕು. ಇಲ್ಲಾಂದ್ರೆ ನಾನೇನೂ ಮಾಡೋಕಾಗಲ್ಲ," ಎಂದು ಮೊದಲೇ ಹೇಳಿದ್ದರು. ಅದಾಗದಿದ್ದರೆ ಕೊಂಡುಕೊಳ್ಳಲು ಒಬ್ಬ ಲೇಬರ್ ಕಂಟ್ರಾಕ್ಟರ್ ಆಗಲೇ ಕಾಯುತ್ತಿದ್ದ. ಎಲ್ಲ ಕೆಡವಿ ತಗಡಿನ ಶೆಡ್ ಹಾಕಿ ಕೂಲಿಯವರನ್ನು ತುಂಬುವುದು ಅವನ ಲೆಕ್ಕಾಚಾರ. ವಾರಕ್ಕೊಮ್ಮೆ ಗೇಟಿನ ಬಳಿ ಬೈಕ್ ನಿಲ್ಲಿಸಿ, "ಹೆಂಗ್ ನಡೀತೈತೆ ಮೇಡಂ?" ಎಂದು ಕೇಳುತ್ತಿದ್ದ. ಅವನ ವಿಚಾರಣೆಯಲ್ಲಿ ಅಕ್ಕರೆ ಇತ್ತೆಂದು ಹೇಳಲಾರೆ.

ಹಳೆಯ ಕಟ್ಟಡ ನೋಡಲು ಹೋಗುವಾಗ ಕಣ್ಣಿನ ಜೊತೆ ಮೂಗನ್ನೂ ಕರೆದುಕೊಂಡು ಹೋಗಿ. ನಾನು ಹೋದ ದಿನ ನೆಗಡಿಯಾಗಿತ್ತು. ರಿಜಿಸ್ಟ್ರೇಶನ್ ಮುಗಿದು, ನೆಗಡಿ ಬಿಟ್ಟ ಮೇಲೆ ಬೀಗ ತೆಗೆದು ಒಳಗೆ ಕಾಲಿಟ್ಟೆ. ಬೆಂದ ರೇಷ್ಮೆಹುಳದ ವಾಸನೆ ಎದುರಿಗೇ ನಿಂತಿತ್ತು, ಮನೆಯ ಹಿರಿಯನ ಹಾಗೆ. ಗೂಡು ಬೇಯಿಸಿದ ಆವಿಯನ್ನು ಕುಡಿದು ಕುಡಿದು ಗೋಡೆಗಳು ಜಿಡ್ಡುಗಟ್ಟಿದ್ದವು. ಬಳಿದ ಪೇಂಟು ವಾರದೊಳಗೆ ಹಪ್ಪಳದಂತೆ ಎದ್ದು ಬಂತು. ಇನ್ನೊಮ್ಮೆ ಬಳಿಸಿದೆ, ಇನ್ನೊಮ್ಮೆ ಎದ್ದಿತು.

ಬಾಷಾ ಸಾಹೇಬರು ಮನೆ ಮಾರಿದರೂ ದೂರ ಹೋಗಿರಲಿಲ್ಲ. ಎದುರು ಮನೆಯಲ್ಲೇ ಇದ್ದರು. ದಿನಾ ಜಗಲಿಯ ಮೇಲೆ ಟೀ ಲೋಟ ಹಿಡಿದು ಕೂತು ನಮ್ಮ ಕೆಲಸಕ್ಕೆ ರನ್ನಿಂಗ್ ಕಾಮೆಂಟರಿ ಕೊಡುತ್ತಿದ್ದರು.

"ಅಮ್ಮಾ, ಅದು ಪೇಂಟ್ ಕುಡಿಯಲ್ಲ. ಅಷ್ಟು ವರ್ಷ ನಮ್ದು ಆವಿ ಕುಡ್ದೈತೆ, ಹೊಟ್ಟೆ ತುಂಬೈತೆ ಅದಕ್ಕೆ."

"ಮೊದಲೇ ಹೇಳಬಾರದಿತ್ತೇ ಸಾಹೇಬರೇ?"

"ಮೊದ್ಲೇ ಹೇಳಿದ್ರೆ ನೀವು ತಗೋತಿದ್ರಾ?"

ಕುದೂರಿನ ಕಡೆಯ ಕೆಂಪಣ್ಣ ನಮ್ಮ ಮೇಸ್ತ್ರಿ. ಅವನು ಹಳೆಯ ಗಾರೆಯನ್ನೆಲ್ಲ ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಬಿಸಿಲಿಗೆ ಒಣಗಲು ಬಿಟ್ಟು, ಸುಣ್ಣ ಹೊಡೆಸಿದ. ವಾಸನೆ ಹೋಯಿತು. ಕಾಗೆಗಳು ಮಾತ್ರ ಹೋಗಲಿಲ್ಲ. ಹಿಂದೆ ಬೆಂದ ಹುಳ ಹೊರಗೆ ಎಸೆಯುವ ಹೊತ್ತಿಗೆ ಬರುತ್ತಿದ್ದವು, ಆಮೇಲೂ ಬಹಳ ಕಾಲ ಅದೇ ಹೊತ್ತಿಗೆ ಬಂದು ಸೂರಿನ ಮೇಲೆ ಸಾಲಾಗಿ ಕೂತು, ಬಗ್ಗಿ ಬಗ್ಗಿ ನನ್ನನ್ನೇ ನೋಡುತ್ತಿದ್ದವು. ನನ್ನ ಮೊದಲ ಬಾಡಿಗೆದಾರರು ಅವೇ. ಡೆಪಾಸಿಟ್ ಇಲ್ಲ, ಕಂಪ್ಲೇಂಟ್ ಮಾತ್ರ ಇತ್ತು.

ಅಡುಗೆಮನೆಯ ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ. ಕಾನ್ವೆಂಟಿನಲ್ಲಿ ಹೋಮ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್‌ಗೆ ಪೋಸ್ಚರ್ ಎಂದರೆ ಪ್ರಾಣ. ಹೆಣ್ಣು ನೆಟ್ಟಗೆ ನಿಂತು ಅಡುಗೆ ಮಾಡಬೇಕು, ನೆಲದಲ್ಲಿ ಕುಕ್ಕರಿಸಿದರೆ ಬೆನ್ನು ಹಾಳು ಎಂದು ಪಾಠ ಮಾಡಿದ್ದರು. ನಾನು ಐದೂ ಮನೆಗೆ ನನ್ನ ಸೊಂಟದ ಎತ್ತರಕ್ಕೆ ಕಟ್ಟೆ ಹಾಕಿಸಿ, ಮೇಲೆ ಕಪ್ಪು ಗ್ರಾನೈಟ್ ಕೂರಿಸಿದೆ. ಕೆಳಗೆ ಕೆನೆಬಣ್ಣದ ಸೆರಾಮಿಕ್ ಟೈಲ್ಸ್. ಮುಖ ನೋಡಿಕೊಳ್ಳಬಹುದಿತ್ತು. ಆ ಕಾಲಕ್ಕೆ ಆ ಬೀದಿಯಲ್ಲಿ ಎಲ್ಲರದೂ ರೆಡ್ ಆಕ್ಸೈಡ್ ಇಲ್ಲವೇ ಚಪ್ಪಡಿ. ನೋಡಲು ಬಂದವರು ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬರುತ್ತಿದ್ದರು. ನನಗೆ ಎಷ್ಟು ಹೆಮ್ಮೆ ಎಂದರೆ, ಸಂಜೆ ಸುಮ್ಮನೆ ಹೋಗಿ ಖಾಲಿ ಅಡುಗೆಮನೆಯಲ್ಲಿ ನಿಂತು ಬರುತ್ತಿದ್ದೆ.

ಕೆಲಸ ಮುಗಿದದ್ದು ಆಷಾಢದಲ್ಲಿ. ಹೊಸಬರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ: ನಮ್ಮ ಕಡೆ ಸಂಸಾರಸ್ಥರು ಆಷಾಢದಲ್ಲಿ ಮನೆ ಬದಲಾಯಿಸುವುದಿಲ್ಲ. ರಿಪೇರಿಗೆ ಅದು ಒಳ್ಳೆಯ ಕಾಲ, ಬಾಡಿಗೆಗೆ ಅಲ್ಲ. ಆ ತಿಂಗಳಲ್ಲಿ ಬಂದವರು ಕುದೂರಿನ ಮೂರು ಹುಡುಗರು ಮಾತ್ರ. ಅವರಿಗೆ ಆಷಾಢವೂ ಒಂದೇ, ಶ್ರಾವಣವೂ ಒಂದೇ. ಮೂವರದೂ ಬೇರೆ ಬೇರೆ ಶಿಫ್ಟ್, ಹಾಸಿಗೆ ಒಂದೇ. ಅದರಲ್ಲಿ ಸದಾ ಒಬ್ಬ ಮಲಗಿರುತ್ತಿದ್ದ. ಅವರ ಮನೆಗೆ ಕೊನೆಯ ಕೋಟ್ ಸುಣ್ಣವಷ್ಟೇ ಬಾಕಿ ಇತ್ತು. ಕೆಂಪಣ್ಣ ಕಾದು ಸಾಕಾಗಿ, ಮಲಗಿದವನನ್ನು ಬಿಟ್ಟು ಸುತ್ತಲೂ ಹೊಡೆದ. ಎದ್ದ ಹುಡುಗ ತನ್ನ ಒಂದು ಪಾದ ಬೆಳ್ಳಗಿರುವುದನ್ನು ಕಂಡು, ತೊನ್ನು ಬಂತೆಂದು ಬಾಷಾ ಸಾಹೇಬರ ಜಗಲಿಗೆ ಓಡಿದ್ದ.

ಶ್ರಾವಣ ಬಂದೊಡನೆ ಪುಟ್ಟತಾಯಮ್ಮ ಬಂದರು. ಉಯ್ಯಂಬಳ್ಳಿಯವರು, ಗಿಡ್ಡ ಆಳು, ಗಟ್ಟಿ ಗಂಟಲು. ಮಗ ಮಾದೇವನಿಗೆ ಫ್ಯಾಕ್ಟರಿಯಲ್ಲಿ ಕೆಲಸ, ಸೊಸೆ ಬಸುರಿ. ಆಕೆ ಮನೆಯನ್ನೆಲ್ಲ ಸುತ್ತಿ, ಟೈಲ್ಸ್ ಮುಟ್ಟಿ, "ಜಾರಾಕಿಲ್ವಾ ಓನರಮ್ಮ?" ಎಂದು ಕೇಳಿದರು. ನೀವೂ ಮನೆ ಬಾಡಿಗೆಗೆ ಕೊಟ್ಟ ದಿನವೇ ನಿಮ್ಮ ಹೆಸರು ಕಳೆದುಕೊಳ್ಳುತ್ತೀರಿ. ಅಂದಿನಿಂದ ನಾನು ಓನರಮ್ಮ. ಪುಟ್ಟತಾಯಮ್ಮನ ಮಾತಿನ ಮೇಲೆ ಅವರ ಕಡೆಯ ಇನ್ನೂ ಮೂರು ಸಂಸಾರಗಳು ಬಂದವು. ಐದೂ ಮನೆ ಭರ್ತಿ. ಮ್ಯಾನೇಜರ್‌ಗೆ ಫೋನ್ ಮಾಡಿ, ಬಂದು ನೋಡಿ ಎಂದೆ. ಮುಂದಿನ ವಾರ ಬರುತ್ತೇನೆ ಎಂದರು.

ಆ ವಾರವೇ ಟೈಲ್ಸ್ ಒಡೆಯಲು ಶುರುವಾದದ್ದು.

ಮೊದಲು ಪುಟ್ಟತಾಯಮ್ಮನ ಮನೆಯಲ್ಲಿ. ಕಟ್ಟೆಯ ಮುಂದೆ, ಸರಿಯಾಗಿ ನಡುವೆ, ಒಂದು ಟೈಲು ನಕ್ಷತ್ರದ ಹಾಗೆ ಸೀಳಿತ್ತು. ನನ್ನ ಎದೆಯೂ ಸೀಳಿತು.

"ಇದು ಹೇಗೆ ಒಡೆಯಿತು?"

"ಏನೂ ಮಾಡ್ನಿಲ್ಲ ಕಣವ್ವ. ಹಿಟ್ ಮಾಡೋವಾಗ ಪಟ್ ಅಂತು."

ಹಿಟ್ಟು! ಈಯಮ್ಮ ನನ್ನ ಟೈಲ್ಸ್ ಮೇಲೆ ಬೀಸುವ ಕಲ್ಲು ಇಟ್ಟುಕೊಂಡಿದ್ದಾರೆ ಎಂದುಕೊಂಡೆ.

"ಮನೆಯಲ್ಲಿ ಏಕೆ ಹಿಟ್ಟು ಮಾಡುತ್ತೀರಿ? ಹೊರಗೆ ಮಾಡಿಸಿಕೊಂಡು ಬನ್ನಿ."

"ಹೊರ್ಗಡೆನಾ?" ಅವರ ಕಣ್ಣು ದೊಡ್ಡದಾಯಿತು. "ದಿನಾವಾ?"

"ದಿನಾ ಏಕೆ? ತಿಂಗಳಿಗೊಮ್ಮೆ ಮಾಡಿಸಿ, ಡಬ್ಬಕ್ಕೆ ತುಂಬಿ ಇಟ್ಟುಕೊಳ್ಳಿ."

"ತಿಂಗ್ಳುಗಟ್ಲೆ ಮಡೀಕಂಡ್ರೆ ಬೂಷ್ಟು ಹಿಡಿಯಾಕಿಲ್ವಾ?"

"ಚೆನ್ನಾಗಿ ಆರಿಸಿ ಇಟ್ಟರೆ ಏನೂ ಆಗುವುದಿಲ್ಲ. ಪುಣೆಯಲ್ಲಿ ನಾನು ಹಾಗೇ ಮಾಡುತ್ತಿದ್ದೆ."

ಪುಟ್ಟತಾಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಕನಿಕರವಿತ್ತು. ಪಾಪ, ಪುಣೆಯಲ್ಲಿ ಈಯಮ್ಮನಿಗೆ ಏನೇನು ತಿನ್ನಿಸಿದರೋ ಎಂಬಂತೆ.

ಮರುದಿನ ಪಕ್ಕದ ಮನೆಯಲ್ಲೂ ಅದೇ ಜಾಗದಲ್ಲಿ ನಕ್ಷತ್ರ. ಆಮೇಲೆ ಅದರ ಪಕ್ಕದಲ್ಲಿ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಹಿಟ್ಟು. ಇವರೆಲ್ಲ ಸೇರಿ ಹಿಟ್ಟಿನ ವ್ಯಾಪಾರವನ್ನೇ ಶುರುಮಾಡಿದ್ದಾರೆ ಎನ್ನಿಸಿತು. ಮ್ಯಾನೇಜರ್ ಬರುವುದರೊಳಗೆ ಇದನ್ನು ನಿಲ್ಲಿಸಬೇಕೆಂದು, ಪೇಂಟರ್‌ಗೆ ಹೇಳಿ ಒಂದು ಬೋರ್ಡ್ ಬರೆಸಿ ಗೇಟಿಗೆ ತಗುಲಿಸಿದೆ. ಭಾಷೆ ನನ್ನದೇ. ಕಾನ್ವೆಂಟಿನಲ್ಲಿ ಕನ್ನಡ ಸೆಕೆಂಡ್ ಲಾಂಗ್ವೇಜ್ ಆದರೂ ನನಗೆ ಪ್ರೈಜ್ ಬಂದಿತ್ತು.

"ಗಮನಿಸಿ. ಮನೆಯೊಳಗೆ ಹಿಟ್ಟು ಮಾಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಅಗತ್ಯವುಳ್ಳವರು ಹೊರಗೆ ಮಾಡಿಸಿಕೊಂಡು ಬರತಕ್ಕದ್ದು. ಇಂತಿ, ಮಾಲೀಕರು."

ಎರಡು ದಿನ ಯಾರೂ ನನ್ನೊಂದಿಗೆ ಮಾತಾಡಲಿಲ್ಲ. ನಲ್ಲಿಯ ಬಳಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಡಿಸಿಪ್ಲಿನ್ ಬಂತು ಎಂದುಕೊಂಡೆ. ಮ್ಯಾನೇಜರ್ ಬರುತ್ತೇನೆಂದ ದಿನ ಸಂಜೆ ಒಳ್ಳೆಯ ಸೀರೆ ಉಟ್ಟು ಹೋಗಿ ನೋಡಿದರೆ, ಗೇಟಿನ ಮುಂದೆ ಟೆಂಪೋ ನಿಂತಿದೆ. ಮಾದೇವ ಹಾಸಿಗೆ ಸುರುಳಿ ಏರಿಸುತ್ತಿದ್ದಾನೆ. ಪುಟ್ಟತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಾರೆ. ಉಳಿದ ಮೂರು ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಆ ನೋಟದ ಅರ್ಥ ನನಗೆ ತಿಳಿಯಿತು. ಈ ಟೆಂಪೋ ವಾಪಸ್ ಬಂದು ಅವರ ಸಾಮಾನನ್ನೂ ಏರಿಸಿಕೊಳ್ಳಲಿದೆ.

"ಇದೇನು ಪುಟ್ಟತಾಯಮ್ಮ? ಬಂದು ತಿಂಗಳೂ ಆಗಿಲ್ಲ!"

"ನೀವೇ ಬರ್ಸಿ ನೇತಾಕಿದ್ದೀರಲ್ಲ, ಮಗ ಓದಿ ಹೇಳ್ದ. ಬಾಡು ಮಾಡ್ಬ್ಯಾಡಿ ಅನ್ನೋ ಓನರ್‌ಗಳ್ನ ಕೇಳಿವ್ನಿ. ಹಿಟ್ಟೇ ಮಾಡ್ಬ್ಯಾಡಿ ಅನ್ನೋ ಓನರಮ್ಮನ್ನ ನಿಮ್ಮನ್ನೇ ನೋಡಿದ್ದು. ಉಣ್ಣಾದೇನು ಮತ್ತೆ, ನಿಮ್ಮ ಟೈಲ್ಸಾ?"

"ಯಾರು ಉಣ್ಣಬೇಡಿ ಎಂದರು? ಉಣ್ಣುವುದಕ್ಕೂ ಹಿಟ್ಟಿಗೂ..."

ಅಷ್ಟರಲ್ಲಿ ಮ್ಯಾನೇಜರ್ ಸ್ಕೂಟರಿನಿಂದ ಇಳಿದರು. ಟೆಂಪೋ ನೋಡಿ ಅವರ ಮುಖ ಇನ್ನಷ್ಟು ಗಂಭೀರವಾಯಿತು. ಏನೋ ಹೇಳಲು ಬಾಯಿ ತೆರೆದವರ ಕಣ್ಣು ಬೋರ್ಡಿನ ಮೇಲೆ ಬಿತ್ತು. ಒಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ಸ್ಕೂಟರಿನ ಸೀಟು ಹಿಡಿದುಕೊಂಡು ನಗಲು ಶುರು ಮಾಡಿದರು. ಆ ಮನುಷ್ಯನಿಗೆ ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದು ಆವತ್ತು.

"ಮೇಡಂ, ನಿಮ್ಮ ಪ್ರಕಾರ ಹಿಟ್ಟು ಅಂದ್ರೇನು?"

"ಹಿಟ್ಟು ಎಂದರೆ ಹಿಟ್ಟು! ಫ್ಲೌರ್! ರಾಗಿ ಹಿಟ್ಟು, ಗೋಧಿ ಹಿಟ್ಟು. ಮಿಲ್ಲಿನಲ್ಲಿ ಮಾಡಿಸುವುದು!"

"ನಮ್ಮ ಕಡೆ ಹಿಟ್ಟು ಅಂದ್ರೆ ಮುದ್ದೆ ಮೇಡಂ. ನೀವು ರಾಗಿ ತಿನ್ನೋ ಜನಕ್ಕೆ ಮುದ್ದೆ ಬ್ಯಾನ್ ಮಾಡಿದ್ದೀರಿ. ನಮ್ಮವ್ವ ಇದನ್ನ ನೋಡಿದ್ರೆ ನಿಮ್ಮ ಲೋನ್ ಪೇಪರ್ ನನ್ನ ಕೈಲೇ ಹರಿಸಿಬಿಡ್ತಿದ್ರು."

ತಿಂಗಳಿಗೊಮ್ಮೆ ಮುದ್ದೆ ಮಾಡಿ, ಆರಿಸಿ, ಡಬ್ಬಕ್ಕೆ ತುಂಬಿಡಿ ಎಂದು ನಾನು ಉಪದೇಶ ಮಾಡಿದ್ದು ಒಂದೊಂದಾಗಿ ನೆನಪಾಯಿತು. ಪುಣೆಯಲ್ಲಿ ನಾನು ಹಾಗೇ ಮಾಡುತ್ತಿದ್ದೆ ಎಂದದ್ದೂ. ನನಗೂ ನಗು ತಡೆಯಲಾಗಲಿಲ್ಲ. ಬಾಗಿಲಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡರು. ಎದುರು ಜಗಲಿಯಿಂದ ಬಾಷಾ ಸಾಹೇಬರು, "ಏನಾಯ್ತು, ನಮ್ಗೂ ಹೇಳ್ರೀ!" ಎಂದು ಕೂಗಿದರು.

ಪುಟ್ಟತಾಯಮ್ಮ ಮಾತ್ರ ನಗಲಿಲ್ಲ.

"ಮಾತು ತಿಳೀಲಿಲ್ಲ, ಸರಿ ಕಣವ್ವ. ಟೈಲ್ಸ್ ಒಡೆಯಾದು ಎಲ್ಲೋಯ್ತದೆ? ಇವತ್ತು ನಗ್ತೀರಿ, ನಾಳೆ ಇನ್ನೊಂದು ಒಡೆದ್ರೆ ಮತ್ತೆ ಬಂದು ನಿಂತ್ಕತೀರಿ. ದಿನಾ ಎದೆ ಢವಢವ ಅನ್ಕಂಡು ಹಿಟ್ಟುಣ್ಣಾಕಾಯ್ತದಾ? ಏರ್ಸ್ಲಾ ಮಾದೇವ."

ಮಾದೇವ ಏರಿಸತೊಡಗಿದ. ಮ್ಯಾನೇಜರ್ ನಗು ನಿಲ್ಲಿಸಿ ನನ್ನ ಕಡೆ ನೋಡಿದರು. ಆಕೆ ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಬೋರ್ಡ್ ಕಿತ್ತೆಸೆಯಬಹುದು, ಅಡುಗೆಮನೆ ಹಾಗೇ ಇರುತ್ತದೆ. ಆಗ ನನಗೆ ತೋಚಿದ್ದು ಒಂದೇ.

"ಹೋಗುವುದಾದರೆ ಹೋಗಿ. ಆದರೆ ಟೈಲು ಹೇಗೆ ಒಡೆಯಿತೆಂದು ತೋರಿಸಿ ಹೋಗಿ. ನಾನು ಮುದ್ದೆ ತಟ್ಟೆಯಲ್ಲಿ ನೋಡಿದ್ದೇನೆ. ಮಾಡುವುದನ್ನು ನೋಡಿಲ್ಲ."

"ನಿಮ್ಮ ವಯಸ್ಸಿಗೆ?"

"ನನ್ನ ವಯಸ್ಸಿಗೆ."

"ತಪ್ಲೆ, ಕೋಲು ಎಲ್ಲಾ ಟೆಂಪೋ ತಳ್ದಲ್ಲವೆ."

"ಇಳಿಸಿ."

ಟೆಂಪೋದವನು ತಲೆ ಚಚ್ಚಿಕೊಂಡ. "ಏರ್ಸಾದಾ ಇಳ್ಸಾದಾ, ಒಂದ್ ಹೇಳವ್ವೋ!"

"ಹಿಟ್ಟಾದ್ಮೇಲೆ ಹೇಳ್ತೀನಿ, ಸುಮ್ಕಿರ್ಲಾ," ಎಂದರು ಪುಟ್ಟತಾಯಮ್ಮ.

ತಪ್ಪಲೆ ಸಿಗಬೇಕಾದರೆ ಅರ್ಧ ಸಾಮಾನು ಬೀದಿಗೆ ಬಂತು. ಕಟ್ಟೆಯ ಮೇಲೆ ಸ್ಟವ್ ಹಚ್ಚಿ, ನೀರು ಕುದಿಸಿ, ರಾಗಿ ಹಿಟ್ಟು ಸುರಿದು, ಅದು ಬೆಂದ ಮೇಲೆ ಆಕೆ ಕೋಲನ್ನು ನನ್ನ ಕೈಗೆ ಕೊಟ್ಟರು. "ಈ ಎತ್ರದ ಕಟ್ಟೆ ಮೇಲೆ ನೀವೇ ತಿರುವಿ ನೋಡಿ ಓನರಮ್ಮ." ಸಿಸ್ಟರ್ ಹೇಳಿಕೊಟ್ಟ ಹಾಗೆ ನೆಟ್ಟಗೆ ನಿಂತು ತಿರುವಿದೆ. ಕೋಲು ಅಲುಗಲಿಲ್ಲ, ತಪ್ಪಲೆಯೇ ಸ್ಟವ್ ಸಮೇತ ನನ್ನ ಸುತ್ತ ತಿರುಗಲು ನೋಡಿತು. ಮ್ಯಾನೇಜರ್ ಶರ್ಟಿನ ತೋಳು ಮಡಚಿ, "ಕೊಡಿ ಮೇಡಂ, ನಮ್ಮದು ಬ್ಲಡ್‌ನಲ್ಲೇ ಇದೆ," ಎಂದು ಕೋಲು ತೆಗೆದುಕೊಂಡರು. ಅವರ ಬ್ಲಡ್ಡೂ ಸಾಕಾಗಲಿಲ್ಲ. ಕಟ್ಟೆಯ ಎತ್ತರದಲ್ಲಿ ಮೇಲಿನಿಂದ ಒತ್ತಲು ಯಾರಿಗೂ ತೋಳು ಸಾಲದು.

"ಸರೀರಿ ಅತ್ಲಾಗೆ," ಎಂದು ಪುಟ್ಟತಾಯಮ್ಮ ತಪ್ಪಲೆಯನ್ನು ನೆಲಕ್ಕಿಳಿಸಿ, ಮುಂದೆ ಕುಕ್ಕರುಗಾಲಲ್ಲಿ ಕೂತು, ಬಟ್ಟೆ ಸುತ್ತಿ ಪಾದಗಳ ನಡುವೆ ಹಿಡಿದರು. ಎರಡೂ ಕೈಯಲ್ಲಿ ಕೋಲು ಹಿಡಿದು ಮೈಯ ಭಾರವನ್ನೆಲ್ಲ ಬಿಟ್ಟು ತಿರುವಿದರು. ಧಬ್, ಧಬ್, ಧಬ್. ತಪ್ಪಲೆಯ ತಳ ಟೈಲಿನ ಮೇಲೆ ಕುಟ್ಟುತ್ತಿತ್ತು. ನಾವೆಲ್ಲ ಬಗ್ಗಿ ನೋಡುತ್ತಿದ್ದಂತೆಯೇ ಪಟ್ ಎಂದಿತು. ಇನ್ನೊಂದು ನಕ್ಷತ್ರ.

"ನೋಡುದ್ರಾ?" ಎಂದರು ಆಕೆ, ಗೆದ್ದವರಂತೆ.

"ನೋಡಿದೆ," ಎಂದೆ. ನನಗೆ ಆ ಟೈಲಿನ ಬಗ್ಗೆ ಒಂದಿಷ್ಟೂ ದುಃಖವಾಗಲಿಲ್ಲ. ಇಷ್ಟು ದಿನ ಬೀಸುವ ಕಲ್ಲು ಹುಡುಕುತ್ತಿದ್ದ ಜಾಗದಲ್ಲಿ ಒಂದು ಊಟ ಸಿಕ್ಕಿತ್ತು.

ಉಪ್ಸಾರು ಪಕ್ಕದ ಮನೆಯಿಂದ ಬಂತು. ಬಾಷಾ ಸಾಹೇಬರು ಜಗಲಿ ಬಿಟ್ಟು ತಮ್ಮ ತಟ್ಟೆ ಹಿಡಿದೇ ಬಂದರು. ಟೆಂಪೋದವನಿಗೂ ಬಡಿಸಿದೆವು. ನಾನು ಮುದ್ದೆಯನ್ನು ಅಗಿಯುತ್ತಿರುವುದನ್ನು ಕಂಡು ಮಾದೇವನ ಹೆಂಡತಿ, ಆ ಮೆತ್ತನೆಯ ಹುಡುಗಿ, "ನುಂಗ್ಬೇಕು ಓನರಮ್ಮ, ಅಗೀಬಾರ್ದು," ಎಂದು ಮೊದಲ ಸಲ ನನ್ನೊಡನೆ ಮಾತಾಡಿದಳು. ಕಟ್ಟೆ ಒಡೆಸಿ ತಗ್ಗಿಸುತ್ತೇನೆ ಎಂದು ಹೇಳಿದೆ. ಹೆಂಗಸರು ಒಟ್ಟಿಗೆ ಬೇಡವೆಂದರು. ನಿಂತು ಸಾರು ಮಾಡಲು, ತರಕಾರಿ ಹೆಚ್ಚಲು ಕಟ್ಟೆ ಅವರಿಗೆ ಇಷ್ಟವಾಗಿತ್ತು. ಹಿಟ್ಟಿಗೆ ಮಾತ್ರ ನೆಲ ಬೇಕು, ಆ ನೆಲ ಗಟ್ಟಿ ಇರಬೇಕು. ಮ್ಯಾನೇಜರ್ ಬೆರಳು ನೆಕ್ಕುತ್ತ, "ಇಷ್ಟು ಕಲ್ಲಿನ ಬೆಟ್ಟಗಳ ನಡುವೆ ಕೂತು ಪಿಂಗಾಣಿ ಹಾಕಿಸಿದ್ದೀರಲ್ಲ ಮೇಡಂ," ಎಂದರು.

ಆ ರಾತ್ರಿ ಸಾಮಾನೆಲ್ಲ ವಾಪಸ್ ಒಳಗೆ ಹೋಯಿತು, ಟೆಂಪೋ ಖಾಲಿ ಹೊರಟಿತು. ಮರುದಿನವೇ ಕೆಂಪಣ್ಣ ಐದು ದಪ್ಪ ಚಪ್ಪಡಿ ತರಿಸಿದ. ಒಡೆದ ಟೈಲ್ಸ್ ಕಿತ್ತು ಆ ಜಾಗದಲ್ಲಿ ಕಲ್ಲು ಕೂರಿಸಬೇಕು. ಎಲ್ಲಿ ಎಂದು ನಾನು ಟೇಪ್ ಹಿಡಿದು ಹೋದರೆ, ಪುಟ್ಟತಾಯಮ್ಮ ಟೇಪನ್ನು ಪಕ್ಕಕ್ಕೆ ಸರಿಸಿ ಹಿಟ್ಟು ತಿರುವುವ ಹಾಗೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತರು. ಕೆಂಪಣ್ಣ ಪಾದದ ಗುರುತಿಗೆ ಸೀಮೆಸುಣ್ಣ ಎಳೆದ. ಪ್ರತಿ ಮನೆಯಲ್ಲೂ ಆಯಾ ಮನೆಯಾಕೆ ಕೂತ ಅಳತೆಗೇ ಕಲ್ಲು ಬಿತ್ತು. ಕುದೂರಿನ ಹುಡುಗರ ಮನೆಯಲ್ಲಿ ಯಾರ ಕಾಲಿನ ಅಳತೆ ಎಂದು ಎಚ್ಚರವಿದ್ದ ಇಬ್ಬರಿಗೆ ಜಗಳವಾಯಿತು. ಕೊನೆಗೆ ಆ ಹೊತ್ತಿಗೆ ನಿದ್ದೆ ಮಾಡುತ್ತಿದ್ದವನನ್ನೇ ಎಳೆದು ತಂದು ಕೂರಿಸಿ ಅಳತೆ ತೆಗೆದರು.

ಮುಂದಿನ ವರ್ಷಗಳಲ್ಲಿ ಚನ್ನಪಟ್ಟಣದಲ್ಲಿ, ಮಾಗಡಿಯಲ್ಲಿ ಇನ್ನೂ ಕೆಲವು ಹಳೆಯ ಮನೆಗಳನ್ನು ಹಿಡಿದೆ. ಎಲ್ಲೇ ಆದರೂ ಪ್ಲಾನ್ ಹಾಕುವ ಮೊದಲು, ಅಲ್ಲಿರಬಹುದಾದ ಹೆಂಗಸರ ಮನೆಗೆ ಹೋಗಿ ಒಂದು ಊಟ ಮಾಡಿ ಬರುತ್ತಿದ್ದೆ. ಶೋಭಾ, ನಿನ್ನ ಲ್ಯಾಪ್‌ಟಾಪಿನ ಪ್ಲಾನಿನಲ್ಲಿ ಮಾಡ್ಯುಲರ್ ಕಿಚನ್ ಬಹಳ ಚೆನ್ನಾಗಿದೆ. ಮೊದಲು ಹೋಗಿ ಉಂಡು ಬಾ.

ಆ ಲೇಬರ್ ಕಂಟ್ರಾಕ್ಟರ್ ಕಲ್ಲು ಕೂರಿಸಿದ ವಾರವೂ ಬಂದಿದ್ದ. ಸಿಮೆಂಟು ಒಣಗಿ, ಅಂದು ಸಂಜೆಯೇ ಮೊದಲ ಸಲ ಕಲ್ಲಿನ ಮೇಲೆ ಅಡುಗೆ. ನಾನು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಬೈಕ್ ಆಫ್ ಮಾಡದೆಯೇ ಕೇಳಿದ:

"ಖಾಲಿ ಆಗ್ತಾವಂತಲ್ಲ ಮೇಡಂ ಮನೆಗಳು?"

"ಎಂಜಿನ್ ಆಫ್ ಮಾಡಿ, ಕೇಳಿಸುತ್ತದೆ," ಎಂದೆ.

ಆಫ್ ಮಾಡಿದ. ಮೊದಲು ಪುಟ್ಟತಾಯಮ್ಮನ ಮನೆಯಿಂದ ಧಬ್ ಎಂದಿತು. ಆಮೇಲೆ ಅದರ ಪಕ್ಕದಿಂದ, ಅದರ ಪಕ್ಕದಿಂದ, ಅದರ ಪಕ್ಕದಿಂದ. ಕೊನೆಗೆ ತಾಳವಿಲ್ಲದೆ, ನಿಂತು ನಿಂತು, ಜೊತೆಗೆ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಹುಡುಗರ ಮನೆಯಿಂದಲೂ.